ಜಾಲತಾಣದ ಚಿತ್ರ: ಎಷ್ಟು ಕುಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು?

ಮಾನ್ಯರೆ,

ಚಿಕ್ಕಬಳ್ಳಾಪುರದ ಸುತ್ತಮುತ್ತ ಹೂವು, ದ್ರಾಕ್ಷಿ ಬೆಳೆದು ಮಾರುವವರೂ ನಂದಿ ಬೆಟ್ಟದ ಬುಡದಲ್ಲಿ ಹೋಂಸ್ಟೇ ನಡೆಸುವವರೂ ಈಗ ಸ್ವಂತ ಜಾಲತಾಣ ಮಾಡಿಕೊಳ್ಳುತ್ತಿದ್ದಾರೆ. ಅಂಥ ತಾಣಗಳು ತೆರೆದುಕೊಳ್ಳಲು ತಡವಾಗುವುದಕ್ಕೆ ಬಹಳ ಸಲ ಫೋಟೊಗಳ ಭಾರವೇ ಕಾರಣ. ಆ ಭಾರವನ್ನು ಎಷ್ಟು ಇಳಿಸಬಹುದು ಎಂಬುದು ಚಿತ್ರದೊಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ ಎಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಅಳತೆಯ ಮಾತು. 4000×3000 ಅಳತೆಯ ಮೊಬೈಲ್ ಫೋಟೊದಲ್ಲಿ 1.2 ಕೋಟಿ ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ರೂಪಿಸುವ ಬಣ್ಣದ ಚುಕ್ಕೆಗಳು, ಇರುತ್ತವೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಸೇರಿ 3 ಬೈಟ್ ಹಿಡಿದರೆ ಒಟ್ಟು 36 ಎಂಬಿ. ಮೊಬೈಲೇ ಅದನ್ನು ಜೆಪೆಗ್ (ಕೆಲವು ವಿವರಗಳನ್ನು ಕಳೆದು ಚಿತ್ರವನ್ನು ಕುಗ್ಗಿಸುವ ಕಡತದ ರೂಪ) ಆಗಿಸಿ ಕೆಲವು ಎಂಬಿಗೆ ಇಳಿಸಿರುತ್ತದೆ. ಆದರೆ ಪುಟದಲ್ಲಿ ಆ ಚಿತ್ರಕ್ಕೆ 1200 ಪಿಕ್ಸೆಲ್ ಅಗಲವಷ್ಟೇ ಬೇಕಿದ್ದರೆ, 1200×900ಕ್ಕೆ ಇಳಿಸಿದ ಕೂಡಲೇ ಪಿಕ್ಸೆಲ್‌ಗಳ ಸಂಖ್ಯೆ ಸುಮಾರು ಹನ್ನೊಂದನೇ ಒಂದು ಪಾಲಿಗೆ ಬರುತ್ತದೆ. ಈ ಕೆಲಸ ಮಾಡದೆ, ಜೆಪೆಗ್ ಉಳಿಸುವಾಗ ಆರಿಸುವ ಗುಣಮಟ್ಟದ ಅಂಕಿಯನ್ನು ಮಾತ್ರ ತಗ್ಗಿಸುತ್ತ ಹೋಗುವುದು ವ್ಯರ್ಥ ಶ್ರಮ.

1992ರಲ್ಲಿ ಮಾನಕವಾದ ಜೆಪೆಗ್, ಹೊಳಪಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ನಮ್ಮ ಕಣ್ಣು ಬಣ್ಣದ ವ್ಯತ್ಯಾಸವನ್ನು ಗುರುತಿಸಲಾರದು ಎಂಬುದನ್ನು ಬಳಸಿಕೊಂಡು, ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಮಾಹಿತಿ ಇಟ್ಟುಕೊಳ್ಳುತ್ತದೆ. ಅಷ್ಟರಿಂದಲೇ ದತ್ತಾಂಶ ಅರ್ಧಕ್ಕಿಳಿಯುತ್ತದೆ. ಬಳಿಕ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ಜಾಗದಿಂದ ಜಾಗಕ್ಕೆ ನಿಧಾನವಾಗಿ ಬದಲಾಗುವ ಅಂಶಗಳು, ಬೇಗ ಬೇಗ ಬದಲಾಗುವ ಅಂಶಗಳು (ಸೂಕ್ಷ್ಮ ವಿವರಗಳು) ಎಂದು ಬೇರ್ಪಡಿಸಿ, ಎರಡನೆಯ ಬಗೆಯವುಗಳಲ್ಲಿ ಬಹುಪಾಲನ್ನು ಸೊನ್ನೆಗೆ ತಂದುಬಿಡುತ್ತದೆ. ಈ ಬೇರ್ಪಡಿಕೆಯ ಗಣಿತವನ್ನು 1974ರಲ್ಲಿ ಪ್ರಕಟಿಸಿದ ಮೂವರಲ್ಲಿ ಮೊದಲಿಗರಾದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ಎಂಬುದು ನಮ್ಮ ಕಡೆ ಅಷ್ಟಾಗಿ ಪ್ರಚಾರವಾಗದಿರುವುದು ಸೋಜಿಗ.

ಇದನ್ನು ತಿಳಿದವರಿಗೆ ಮುಂದಿನದು ಸುಲಭ. ಭೋಗನಂದೀಶ್ವರ ದೇವಸ್ಥಾನದ ಕಲ್ಲಿನ ಕೆತ್ತನೆಯಲ್ಲಿ ಸೂಕ್ಷ್ಮ ವಿವರಗಳು ತುಂಬಿರುವುದರಿಂದ ಕಡತ ದೊಡ್ಡದಾಗಿಯೇ ಉಳಿಯುತ್ತದೆ. ಆದರೆ ಕುಗ್ಗಿಸುವಾಗಿನ ದೋಷ ಕಲ್ಲಿನ ಒರಟುತನದಲ್ಲಿ ಮುಚ್ಚಿಹೋಗುತ್ತದೆ. ಬೆಟ್ಟದ ಮೇಲಿನ ಮುಂಜಾವಿನ ಆಕಾಶದ ಕಡತ ತೀರಾ ಚಿಕ್ಕದಾಗುತ್ತದೆ, ಆದರೆ ಗುಣಮಟ್ಟ ಸ್ವಲ್ಪ ಹೆಚ್ಚು ಇಳಿಸಿದರೂ ಆ ನಯವಾದ ಬಣ್ಣದಲ್ಲಿ ಪಟ್ಟೆಗಳು ಏಳುತ್ತವೆ. ಕೆಂಪು ಗುಲಾಬಿಯ ದಳಗಳ ಅಂಚು ಮಸುಕಾಗುವುದು ಬಣ್ಣದ ಮಾಹಿತಿಯನ್ನು ಕಡಿತ ಮಾಡಿದ್ದರಿಂದ. ಹೂವು ಮಾರುವವರು ಆ ಕಡಿತವನ್ನು ನಿಲ್ಲಿಸುವ ಆಯ್ಕೆಯನ್ನು ಬಳಸಬೇಕು.

ಕನ್ನಡ ಅಕ್ಷರಗಳಿರುವ ಕರಪತ್ರವನ್ನು ಮಾತ್ರ ಜೆಪೆಗ್ ಮಾಡಬೇಡಿ. ಒತ್ತಕ್ಷರಗಳ ಸುತ್ತ ಕೊಳೆಯಂಥ ಚುಕ್ಕೆಗಳು ಮೂಡುತ್ತವೆ. ಅದಕ್ಕೆ ಏನನ್ನೂ ಕಳೆಯದೆ ಕುಗ್ಗಿಸುವ ಪಿಎನ್‌ಜಿ ತಕ್ಕದ್ದು. ಬರಹವನ್ನು ಬರಹವಾಗಿಯೇ ಪುಟದಲ್ಲಿ ಟೈಪ್ ಮಾಡುವುದು ಇನ್ನೂ ಮೇಲು. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಎಂಬ ರೂಪ ವಿವರ ಕಳೆದೂ ಕಳೆಯದೆಯೂ, ಎರಡೂ ಬಗೆಯಲ್ಲಿ ಕೆಲಸ ಮಾಡುತ್ತದೆ, ಇಂದಿನ ಬ್ರೌಸರ್‌ಗಳೆಲ್ಲ ಅದನ್ನು ತೆರೆಯುತ್ತವೆ.

ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದರೆ ನಷ್ಟ ಕೂಡುತ್ತ ಹೋಗುತ್ತದೆ. ಆದ್ದರಿಂದ ಮೂಲ ಫೋಟೊವನ್ನು ಬೇರೆ ಇಟ್ಟುಕೊಂಡು, ಪ್ರತಿ ಸಲವೂ ಅದರಿಂದಲೇ ಹೊಸ ಪ್ರತಿ ತೆಗೆಯಿರಿ. ಮನೆಯಲ್ಲಿ ತೆಗೆದ ಫೋಟೊ ಆಗಿದ್ದರೆ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ಆಗಲೇ ಅಳಿಸಿಬಿಡಿ.