ಹಿಮ ಎಷ್ಟು ಬಿದ್ದಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಕಾಯಿಲೆ ಬಿದ್ದ ಕವಿ ಅಂದ ಕೂಡಲೇ ಒಂದು ಮಾತು ಬರುತ್ತದೆ: ‘ಅಷ್ಟು ನೋವು ಉಂಡಿದ್ದಕ್ಕೇ ಅಂಥ ಕವಿತೆ ಬಂತು.’ ದಯವಿಟ್ಟು ಈ ಮಾತು ಬಿಡಿ. ನೋವು ಕವಿತೆ ಬರೆಯುವುದಿಲ್ಲ. ಬರೆಯುವುದು ಕುತೂಹಲ.

ಹೈಕು, ಅಂದರೆ ಜಪಾನಿನ ಪುಟಾಣಿ ಕವಿತೆ, ಬರೆದ ಕವಿ ಮಾಸಾಓಕಾ ಶಿಕಿಯನ್ನೇ ನೋಡಿ. ಹುಟ್ಟಿದ್ದು 1867ರಲ್ಲಿ. ಇಪ್ಪತ್ತೊಂದನೇ ವಯಸ್ಸಿಗೆ ಕೆಮ್ಮಿದರೆ ರಕ್ತ. ಕ್ಷಯ. ಆಮೇಲೆ ಅದು ಬೆನ್ನುಮೂಳೆಗೂ ಹಬ್ಬಿತು. ಕ್ಷಯಕ್ಕೆ ಸರಿಯಾದ ಮದ್ದು ಸಿಕ್ಕಿದ್ದು 1940ರ ದಶಕದಲ್ಲಿ. ಈತನಿಗೆ ಸಿಕ್ಕಿದ್ದು ನೋವು ಮರೆಸುವ ಮಾರ್ಫಿನ್ ಅಷ್ಟೇ.

1896. ಟೋಕಿಯೋದ ನೆಗಿಶಿಯ ಮನೆ. ಹೊರಗೆ ಹಿಮ ಬೀಳುತ್ತಿದೆ. ಬಾಗಿಲಿಗೆ ಅಂಟಿಸಿರುವುದು ಕಾಗದ, ಆಚೆ ಏನೂ ಕಾಣದು. ಎದ್ದು ನೋಡೋಣ ಅಂದರೆ ಏಳಲಾಗದು. ‘ಎಷ್ಟು ಬಿದ್ದಿದೆ?’ ಎಂದು ಕೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಮತ್ತೆ ಮತ್ತೆ ಕೇಳಿದ. ಕೊನೆಗೆ ಬರೆದದ್ದೂ ಅದನ್ನೇ: ಹಿಮ ಎಷ್ಟು ಆಳ ಎಂದು ಎಷ್ಟೋ ಸಲ ಕೇಳಿದೆ. ಇಷ್ಟೇ ಕವಿತೆ! ಯಾರನ್ನು ಕೇಳಿದ, ಏನು ಉತ್ತರ ಬಂತು, ಒಂದೂ ಇಲ್ಲ. ಇದರಲ್ಲಿ ಗೋಳು ಎಲ್ಲಿದೆ, ಹೇಳಿ? ಇರುವುದು ಹಿಮ ನೋಡಲೇಬೇಕೆಂಬ ಹಟ.

1899ರ ಕೊನೆಗೆ ಶಿಷ್ಯ ಕ್ಯೋಶಿ ಆ ಬಾಗಿಲಿಗೆ ಗಾಜು ಹಾಕಿಸಿಕೊಟ್ಟ. ಆ ಕಾಲಕ್ಕೆ ಅದು ದುಬಾರಿ ಸರಕು. ಮಲಗಿದಲ್ಲಿಂದಲೇ ತೋಟ ಕಂಡಿತು. ಗಾಜು ಹಾಕಿಸಿದವನನ್ನು ಮರೆತು ನಾವು ನೋವಿಗೆ ಹಾರ ಹಾಕುತ್ತೇವೆ, ಅಲ್ವಾ?

ಹಿಮದ ಕಥೆಯೇ ಜಾಸ್ತಿ ಆಯಿತು, ಸಮಯ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ದಿನಾ ಹುಣ್ಣಿನ ಪಟ್ಟಿ ಬದಲಿಸುತ್ತಿದ್ದವಳು ತಂಗಿ ರಿತ್ಸು. ಅವಳಿಗೆ ಕನಿಕರವೇ ಇಲ್ಲ ಎಂದು ದಿನಚರಿಯಲ್ಲಿ ಬೈದಿದ್ದಾನೆ, ಪುಣ್ಯಾತ್ಮ! ಅದೇ ದಿನಚರಿಯಲ್ಲಿ ಮೂರು ಹೊತ್ತೂ ಏನೇನು ತಿಂದೆ ಎಂಬ ಲೆಕ್ಕ ಬೇರೆ. ಗಂಜಿ, ಹಸಿ ಮೀನು, ಹಣ್ಣು.

1902ರಲ್ಲಿ ಪತ್ರಿಕೆಗೆ ಒಂದು ಬರಹಮಾಲೆಯ 127 ಕಂತು ಬರೆದ. ರೋಗಿಗೆ ಆಯಾಸವಾದೀತು ಎಂದು ಸಂಪಾದಕರು ಒಮ್ಮೆ ಕಂತು ಹಾಕಲಿಲ್ಲ. ನನ್ನ ಜೀವ ಇರುವುದೇ ಅದರಲ್ಲಿ ಎಂದು ಕಾಗದ ಬರೆದು ಗೋಗರೆದ. ಕೊನೆಯ ಕಂತು ಸೆಪ್ಟೆಂಬರ್ 17ಕ್ಕೆ ಬಂತು. 19ಕ್ಕೆ ತೀರಿಕೊಂಡ.

ಸುಮ್ನೆ ‘ಅಯ್ಯೋ ಪಾಪ’ ಅನ್ನಬೇಡಿ. ಈತನ ಹೈಕುಗಳು ಸಿಕ್ಕರೆ ಓದಿ. ಬೇಸ್‌ಬಾಲ್ ಮೇಲೆ ಬರೆದವೂ ಇವೆ! ನಮಸ್ಕಾರ.