ನೆರಳಿನ ಮೂಲೆಗೆ ಚಳಿಗಾಲದ ಹೂ: ಹೆಲೆಬೋರ್ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಉಂಟು. ಮೈಕ್ ಕೇಳ್ತದಲ್ವಾ? ಸರಿ.

ಮಂಗಳೂರಲ್ಲಿ ಕೂತು ಹೆಲೆಬೋರ್ ಬಗ್ಗೆ ಎಂತ ಮಾತಾಡ್ಲಿಕ್ಕುಂಟು ಅಂತ ಒಬ್ರು ಬಾಗಿಲಲ್ಲೇ ಕೇಳಿದ್ರು. ನೋಡಿ, ಇಲ್ಲಿ ಕೂತವರಲ್ಲಿ ಸುಮಾರು ಜನರ ಮಗನೋ ಮಗಳೋ ಇಂಗ್ಲೆಂಡಲ್ಲೋ ಜರ್ಮನಿಯಲ್ಲೋ ಮನೆ ಮಾಡಿದ್ದಾರೆ, ಮನೆ ಹಿಂದೆ ಒಂದು ತುಂಡು ಗಾರ್ಡನ್, ಅದರಲ್ಲಿ ಬಿಸಿಲು ಬೀಳದ ಒಂದು ಮೂಲೆ, ವಿಡಿಯೋ ಕಾಲಲ್ಲಿ ಅದನ್ನು ತೋರಿಸಿ "ಅಮ್ಮ, ಇಲ್ಲಿ ಎಂತ ನೆಡುದು" ಅಂತ ಕೇಳ್ತಾರೆ. ಇನ್ನು ಕೆಲವರು ಹಿಮದ ನಡುವೆ ಅರಳಿದ ಆ ಹೂವಿನ ಫೋಟೋ ನೋಡಿ ಆನ್‌ಲೈನಲ್ಲಿ ಬೀಜ ಆರ್ಡರ್ ಮಾಡ್ಲಿಕ್ಕೆ ಹೊರಟವರು. ಮೊದಲನೇ ಪಾರ್ಟಿಗೆ ಇವತ್ತು ಕೆಲಸಕ್ಕೆ ಬರುವ ಮಾತು ಸಿಗ್ತದೆ, ಎರಡನೇ ಪಾರ್ಟಿಗೆ ದುಡ್ಡು ಉಳೀತದೆ.

ಹೆಲೆಬೋರ್ ಒಂದೇ ಗಿಡ ಅಲ್ಲ, ಸುಮಾರು 20 ಜಾತಿ ಉಂಟು, ಹೆಚ್ಚಿನವು ಯುರೋಪಿನ ಬಾಲ್ಕನ್ ಕಡೆಯ ಗುಡ್ಡಗಾಡಿನವು. ನಾವು ಅಡುಗೆಗೆ ಹಾಕುವ ಕಲೋಂಜಿ ಇದರ ದಾಯಾದಿ, ಎರಡೂ ರನನ್‌ಕ್ಯುಲೇಸಿ ಕುಟುಂಬ. ಅಲ್ಲಿನ ನರ್ಸರಿಯಲ್ಲಿ ಮುಖ್ಯವಾಗಿ ಸಿಗುದು ಹೆಲೆಬೋರಸ್ ನೈಗರ್, ಬಿಳಿ ಹೂ, ಕ್ರಿಸ್ಮಸ್ ರೋಸ್ ಅಂತಾರೆ. ರೋಸಿಗೂ ಅದಕ್ಕೂ ಎಂತ ಸಂಬಂಧವೂ ಇಲ್ಲ. ಮತ್ತೆ ಲೆಂಟೆನ್ ರೋಸ್ ಅಂತ ಹೈಬ್ರಿಡ್‌ಗಳು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬಿಳಿ, ಗುಲಾಬಿ, ಕಪ್ಪಿಗೆ ತಿರುಗಿದ ನೇರಳೆ, ಚುಕ್ಕಿ ಇದ್ದದ್ದು, ಇಲ್ಲದ್ದು. ಮೂರನೆಯದು ಫೀಟಿಡಸ್, ಹಸಿರು ಗಂಟೆ ಗಂಟೆ ಹೂ. ಹೊಸಬರಿಗೆ ಹೈಬ್ರಿಡ್ಡೇ ಸರಿ, ನೈಗರ್ ಸ್ವಲ್ಪ ಹಠದ ಗಿಡ.

ಈಗ ನೆರಳಿನ ವಿಷಯಕ್ಕೆ ಬರ್ತೇನೆ, ನನಗೆ ಹೇಳ್ಲಿಕ್ಕಿರುದು ಮುಖ್ಯವಾಗಿ ಇದೇ. ಟ್ಯಾಗಲ್ಲಿ "ನೆರಳಿಗೆ ಆಗ್ತದೆ" ಅಂತ ಬರೆದಿರ್ತದೆ, ನಾವು ಅದನ್ನು ಓದಿ ಹಲಸಿನ ಮರದ ಅಡಿ ನೆನಪು ಮಾಡ್ಕೊಳ್ತೇವೆ. ನಮ್ಮ ಹಲಸು, ಮಾವು, ಪುನರ್ಪುಳಿ ವರ್ಷವಿಡೀ ಎಲೆ ಇರುವ ಮರಗಳು, ಅಡಿಯಲ್ಲಿ ಜನವರಿಯಲ್ಲೂ ನೆರಳು ಜುಲೈಯಲ್ಲೂ ನೆರಳು. ಹೆಲೆಬೋರ್ ಬೆಳೆದು ಬಂದ ಕಾಡು ಹಾಗಲ್ಲ. ಓಕ್, ಬೀಚ್ ಮರಗಳು ನವೆಂಬರ್ ಹೊತ್ತಿಗೆ ಬೋಳಾಗ್ತವೆ, ಮತ್ತೆ ಎಲೆ ಬರುದು ಏಪ್ರಿಲ್-ಮೇಯಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಕಾಡಿನ ನೆಲಕ್ಕೆ ಬೆಳಕು ಬೀಳ್ತದೆ, ಬೇರೆ ಗಿಡಗಳೆಲ್ಲ ಮಲಗಿರ್ತವೆ, ಈ ಗಿಡ ಆಗ ಎದ್ದು ಹೂ ಬಿಟ್ಟು ಬೀಜ ಕಟ್ಟುವ ಕೆಲಸ ಶುರು ಮಾಡ್ತದೆ. ಮೇಲೆ ಎಲೆ ಚಪ್ಪರ ಕಟ್ಟಿದ ಮೇಲೆ ಇದಕ್ಕೆ ಆರಾಮ. ಅಂದ್ರೆ ಇದಕ್ಕೆ ಬೇಕಾದ್ದು ಬೇಸಿಗೆಯ ನೆರಳು, ಚಳಿಗಾಲದ ಬೆಳಕು.

ಆ ಬೆಳಕಾದ್ರೂ ಎಷ್ಟು ಅಂತೀರಿ? ಡಿಸೆಂಬರ್ 21ರ ಆಸುಪಾಸು ಲಂಡನಲ್ಲಿ ಮಟಮಟ ಮಧ್ಯಾಹ್ನ ಸೂರ್ಯ ದಿಗಂತದಿಂದ ಮೇಲೆ ಬರುದು 15 ಡಿಗ್ರಿ. ಅದೇ ದಿವಸ ಮಂಗಳೂರಲ್ಲಿ 53 ಡಿಗ್ರಿಗಿಂತ ಮೇಲೆ. ಅಲ್ಲಿ ಹಗಲು 8 ಗಂಟೆಯೂ ಪೂರ್ತಿ ಇಲ್ಲ. ಹಾಗಾಗಿ ಮಕ್ಕಳು ಕೇಳಿದ್ರೆ ನೀವು ತಿರುಗಿ ಕೇಳ್ಬೇಕಾದ ಪ್ರಶ್ನೆ ಒಂದೇ: ನೆರಳು ಯಾವುದರದ್ದು? ಎಲೆ ಉದುರುವ ಮರದ್ದಾದ್ರೆ ಕಣ್ಣು ಮುಚ್ಚಿ ನೆಡ್ಲಿ. ಗೋಡೆಯ ಉತ್ತರದ ಬದಿಯಾದ್ರೆ ಗಿಡ ಬದುಕ್ತದೆ, ಹೂ ಕಮ್ಮಿ. ಪೈನ್ ಜಾತಿಯ ಮರದ ಅಡಿ, ವರ್ಷವಿಡೀ ಕತ್ತಲೆ, ಮಣ್ಣು ಒಣಕಲು ಅಂತಾದ್ರೆ ಆ ಫೀಟಿಡಸ್ ಒಂದು ಹೇಗೋ ಸುಧಾರಿಸ್ಕೊಳ್ತದೆ, ಉಳಿದದ್ದಕ್ಕೆ ಆಸೆ ಬೇಡ.

ಮಣ್ಣು ಆಳವಾಗಿರ್ಬೇಕು, ಬೇರು ಕೆಳಗೆ ಇಳೀತದೆ, ಕುಂಡದಲ್ಲಿ ತುಂಬಾ ವರ್ಷ ಇಡುದು ಒಳ್ಳೆಯದಲ್ಲ. ತೇವ ಬೇಕು ಆದ್ರೆ ನೀರು ನಿಲ್ಲಬಾರದು. ಕೊಳೆತ ತರಗೆಲೆ ಧಾರಾಳ ಹಾಕ್ಲಿ. ಬುಡವನ್ನು ಆಳಕ್ಕೆ ಹೂಳಬಾರದು, ಮೊಗ್ಗು ಹೊರಡುವ ಜಾಗ ಮಣ್ಣಿನ ಮಟ್ಟದಲ್ಲೇ ಇರ್ಲಿ, ಇಲ್ಲದಿದ್ರೆ ಗಿಡ ಚಂದ ಇರ್ತದೆ ಹೂವೇ ಬರುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಹೈಬ್ರಿಡ್ ಗಿಡದ ಹಳೇ ಎಲೆಗಳನ್ನೆಲ್ಲ ಬುಡಕ್ಕೇ ಕತ್ತರಿಸಿ ತೆಗೀಬೇಕು. ಹೂ ಬರುವ ಮೊದಲು ಎಲೆ ಕತ್ತರಿಸುದಾ ಅಂತ ಜೀವ ಚುರ್ ಅಂತದೆ, ಆದ್ರೆ ಆ ಹಳೇ ಎಲೆಯಲ್ಲೇ ಕಪ್ಪು ಚುಕ್ಕಿ ರೋಗದ ಶಿಲೀಂಧ್ರ ಕೂತಿರ್ತದೆ, ಹೊಸ ಮೊಗ್ಗಿಗೆ ಅಲ್ಲಿಂದಲೇ ದಾಟುದು. ಮತ್ತೆ ಆ ಎಲೆ ಇದ್ರೆ ಹೂ ಕಾಣುದೂ ಇಲ್ಲ. ಎಲೆಯ ನರದುದ್ದಕ್ಕೂ ಕಪ್ಪು ಗೆರೆ ಎದ್ದು ಹೊಸ ಚಿಗುರು ಮುರುಟಿ ಹೋದ್ರೆ ಅದು ವೈರಸ್, ಮದ್ದಿಲ್ಲ, ಗಿಡ ಕಿತ್ತು ಬಿಸಾಡುದೇ.

ಇನ್ನೊಂದು, ಹಿಮ ಬಿದ್ದ ಬೆಳಿಗ್ಗೆ ಮಕ್ಕಳು ಗಾಬರಿಯಲ್ಲಿ ಫೋಟೋ ಕಳಿಸ್ತಾರೆ, ಹೂವಿನ ದಂಟೆಲ್ಲ ಬಿಸಿನೀರು ಹೊಯ್ದ ಹರಿವೆ ಸೊಪ್ಪಿನ ಹಾಗೆ ನೆಲಕ್ಕೆ ಮಲಗಿರ್ತದೆ. ಮುಟ್ಟಬೇಡಿ ಅನ್ನಿ. ಬಿಸಿಲೇರಿದ ಹಾಗೆ ತಾನಾಗಿಯೇ ಎದ್ದು ನಿಲ್ತದೆ.

ಹೂವನ್ನು ಸ್ವಲ್ಪ ಹತ್ತಿರದಿಂದ ನೋಡುವ, ಸ್ಲೈಡ್ ಹಾಕಿ. ಹೆಚ್ಚಿನವು ತಲೆ ಬಗ್ಗಿಸಿಯೇ ಇರುದು, ಮಳೆ ಹಿಮ ಪರಾಗಕ್ಕೆ ಬೀಳದ ಹಾಗೆ. ಬೆರಳಲ್ಲಿ ಗಲ್ಲ ಹಿಡಿದು ಎತ್ತಿದ್ರೆ ಮಾತ್ರ ಮುಖ ಕಾಣ್ತದೆ. ಈ ಐದು ಅಗಲ ದಳ ಉಂಟಲ್ಲ, ಅದು ದಳವೇ ಅಲ್ಲ, ಪುಷ್ಪಪತ್ರ, ಬೇರೆ ಹೂವಲ್ಲಿ ಹಸಿರಾಗಿ ಹಿಂದೆ ಇರ್ತದಲ್ಲ ಅದು. ನಿಜವಾದ ದಳ ಎಲ್ಲಿ ಅಂದ್ರೆ, ಇಲ್ಲಿ ನೋಡಿ, ಕೇಸರಗಳ ಬುಡದಲ್ಲಿ ಸುತ್ತ ಕೂತ ಸಣ್ಣ ಸಣ್ಣ ಹಸಿರು ಕೊಳವೆಗಳು, ಅದರಲ್ಲಿ ಮಕರಂದ. ಪರಾಗಸ್ಪರ್ಶ ಆದ ಮೇಲೆ ಕೇಸರ, ಕೊಳವೆ ಎಲ್ಲ ಉದುರ್ತದೆ, ಹೊರಗಿನ ಐದು ಮಾತ್ರ ಉಳಿದು ನಿಧಾನಕ್ಕೆ ಹಸಿರಾಗಿ ಬೀಜಕ್ಕೆ ಬೇಕಾದ ಆಹಾರ ತಯಾರಿಸ್ಲಿಕ್ಕೆ ಕೈ ಸೇರಿಸ್ತದೆ. ತಿಂಗಳುಗಟ್ಟಲೆ ಹೂ ಬಾಡುದಿಲ್ಲ ಅಂತ ಹೊಗಳ್ತಾರಲ್ಲ, ಗುಟ್ಟು ಇದೇ. ಫೀಟಿಡಸ್‌ದು ಇನ್ನೂ ಮಜಾ. ಸ್ಪೇನಿನ ಕಾರ್ಲೋಸ್ ಹೆರೇರಾ, ಮರಿಯಾ ಪೋಸೋ 2010ರಲ್ಲಿ ತೋರಿಸಿದ್ರು, ಅದರ ಮಕರಂದದಲ್ಲಿ ಯೀಸ್ಟ್ ಬೆಳೆದು ಸಕ್ಕರೆ ತಿನ್ನುವಾಗ ಹೂವಿನ ಒಳಗೆ ಬೆಚ್ಚಗಾಗ್ತದೆ ಅಂತ. ಆ ಚಳಿಯಲ್ಲಿ!

ವಿಷ ಉಂಟು, ಇದನ್ನು ಮರೀಬೇಡಿ. ನಮ್ಮ ಕಣಗಿಲೆಯಲ್ಲಿ ಹೃದಯದ ಬಡಿತ ಕೆಡಿಸುವ ಗ್ಲೈಕೋಸೈಡ್ ಉಂಟಲ್ಲ, ಅದೇ ಬಗೆಯದ್ದು ಇದರಲ್ಲೂ ಉಂಟು, ಬೇರಿಂದ ಬೀಜದವರೆಗೆ. ರಸ ತಾಗಿದ್ರೆ ಕೆಲವರ ಚರ್ಮ ಉರೀತದೆ. ಮೊಮ್ಮಗು ಅಂಬೆಗಾಲಿಡುವ ಪ್ರಾಯದ್ದಾದ್ರೆ ಈ ಗಿಡ ಎರಡು ವರ್ಷ ಮುಂದೆ ಹಾಕುದೇ ಒಳ್ಳೆದು ಅಂತ ನನ್ನ ಅಭಿಪ್ರಾಯ. ಎಲೆ ಕತ್ತರಿಸುವಾಗ ಗ್ಲೌಸ್ ಬೇಕೇ ಬೇಕು.

ಇನ್ನು ಬೀಜ ತರಿಸುವವರು. ಆನ್‌ಲೈನಲ್ಲಿ ಅಚ್ಚ ನೀಲಿ ಹೆಲೆಬೋರ್ ಫೋಟೋ ಹಾಕಿ ಮಾರ್ತಾರೆ, ಅಂಥ ಆಕಾಶನೀಲಿ ಬಣ್ಣ ಈ ಗಿಡದಲ್ಲಿ ಇಲ್ಲ ಮಾರಾಯ್ರೆ, ಕಂಪ್ಯೂಟರಲ್ಲಿ ಮಾಡಿದ್ದು. ಬಣ್ಣ ಸರಿ ಇದ್ರೂ ಬೀಜದ ಕಥೆ ಬೇರೆ. ಬೇಸಿಗೆ ಶುರುವಲ್ಲಿ ಕಾಯಿ ಒಡೀತದೆ, ಬೀಜದ ಮೇಲೆ ಎಣ್ಣೆಯಂಶದ ಒಂದು ಬಿಳಿ ತುಂಡು, ಅದರಾಸೆಗೆ ಇರುವೆಗಳು ಹೊತ್ಕೊಂಡು ಹೋಗಿ ಬಿತ್ತುದು. ಆಮೇಲೆ ಕೆಲವು ವಾರ ಬೆಚ್ಚಗೆ, ಕೆಲವು ವಾರ ಚಳಿ, ಎರಡೂ ಅದೇ ಕ್ರಮದಲ್ಲಿ ಸಿಕ್ಕಿದ್ರೆ ಮಾತ್ರ ಮೊಳಕೆ. ಪ್ಯಾಕೆಟಲ್ಲಿ ಒಣಗಿದ ಬೀಜ ಇನ್ನೂ ಗಾಢ ನಿದ್ದೆಗೆ ಜಾರಿರ್ತದೆ. ಫ್ರಿಜ್ಜಲ್ಲಿಟ್ಟು ಮೊಳಕೆ ಬರಿಸಿದ್ರು ಅಂತಲೇ ಇಟ್ಕೊಳ್ಳಿ, ಹೂವಿಗೆ ಮತ್ತೆ ಮೂರು ವರ್ಷದ ಹತ್ತಿರ ಕಾಯ್ಬೇಕು, ಅಷ್ಟರಲ್ಲಿ ನಮ್ಮ ಏಪ್ರಿಲ್ ಸೆಕೆ, ಜೂನ್ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಊರಲ್ಲಿ ಅದರ ಬುಡ ಕೊಳೆಯದೆ ಉಳಿಯುದುಂಟಾ? ಚಳಿ ಅಂತೂ ಕೇಳುದೇ ಬೇಡ, ನಮ್ಮ ಜನವರಿ ರಾತ್ರಿಗೂ ಫ್ಯಾನ್ ಬೇಕು.

ಹಾಗಂತ ನಮ್ಮ ನೆರಳಿಗೆ ಹೂವಿಲ್ಲ ಅಂತಲ್ಲ, ಕ್ಯಾಲೆಂಡರ್ ಉಲ್ಟಾ ಅಷ್ಟೆ. ಅಲ್ಲಿ ಸೂರ್ಯ ಸೋತಾಗ ಎಲೆ ಉದುರ್ತದೆ, ಇಲ್ಲಿ ಸಾಗುವಾನಿ ಬೋಳಾಗುದು ಸೂರ್ಯ ಉರಿಯುವ ಹೊತ್ತಿಗೆ. ಹಾಗಾಗಿ ನಮ್ಮ ಕಾಡಿನ ಗಿಡಗಳು ಆ ಸಮಯ ಮಣ್ಣಿನಡಿ ಗೆಡ್ಡೆಯಾಗಿ ಮಲಗಿ ಮಳೆಗೆ ಏಳ್ತವೆ. ಕಾಡು ಅರಶಿನ ನೋಡಿ, ಮಳೆ ಶುರುವಾದ ಕೂಡ್ಲೇ ಗುಲಾಬಿ ತಲೆಯ ಹೂಗೊನೆ ಬರ್ತದೆ. ಗ್ಲೋಬಾ, ಚಂಗಲಕೋಷ್ಟ ಕೂಡ ಮಳೆಯವೇ. ಚಳಿಗಾಲಕ್ಕೇ ಹೂ ಬೇಕು ಅಂತ ಹಠ ಇದ್ರೆ ಗೋರಂಟೆ ಉಂಟು, ಅರೆನೆರಳಿಗೆ ಅಬ್ಬಲಿಗೆ ಉಂಟು, ಮತ್ತೆ ಎರಾಂಥಿಮಮ್ ಅಂತ ಒಂದು ಉಂಟು, ಜನವರಿ-ಫೆಬ್ರವರಿಯಲ್ಲಿ ಮರದಡಿಯಲ್ಲೇ ನಿಜವಾದ ನೀಲಿ ಹೂ. ಆ ಪ್ಯಾಕೆಟಿನವರು ಫೋಟೋದಲ್ಲಿ ತೋರಿಸಿದ ನೀಲಿ ಇದರಲ್ಲಿ ಉಂಟು, ಕಡ್ಡಿ ಊರಿದ್ರೆ ಬರ್ತದೆ. ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ನೋಡುವ ಪೆಟೂನಿಯಾ, ಸಾಲ್ವಿಯಾ ಎಲ್ಲ ಬಿಸಿಲಿನವು, ಅವನ್ನು ತಂದು ಅಡಿಕೆ ತೋಟದೊಳಗೆ ಇಡಬೇಡಿ. ಶಂಕರಪುರದ ಮಲ್ಲಿಗೆಯೂ ಹಾಗೆಯೇ, ನೆರಳಲ್ಲಿ ಬರೀ ಸೊಪ್ಪು.

ಎರಾಂಥಿಮಮ್ ಕಡ್ಡಿ ಸ್ವಲ್ಪ ತಂದಿದ್ದೇನೆ, ಹೊರಗೆ ಟೇಬಲಲ್ಲಿ ಉಂಟು, ಒಬ್ಬರಿಗೆ ಎರಡೇ ತಗೊಳ್ಳಿ. ಹಟ್ಟಿಗೊಬ್ಬರ ಸೇರಿಸಿದ ಮಣ್ಣಲ್ಲಿ ಊರಿ, ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡ್ಕೊಳ್ಳಿ, ಹೂ ಮುಗಿದ ಮೇಲೆ ಅರ್ಧಕ್ಕೆ ಕತ್ತರಿಸಿ. ಈಗ ಪ್ರಶ್ನೆ ಇದ್ರೆ ಕೇಳಿ, ಆಮೇಲೆ ಚಾ ಕುಡಿಯುವ.