ಒಂದು ಸಂಪರ್ಕ, ಎರಡು ಕಂಪ್ಯೂಟರ್

ಮಾನ್ಯ ಸಭಿಕರೇ,

ಮನೆಗೆ ಎರಡನೆಯ ಕಂಪ್ಯೂಟರ್ ಬಂದ ಕೂಡಲೇ ಎರಡನೆಯ ಅಂತರ್ಜಾಲ ಸಂಪರ್ಕವೂ ಬೇಕೇ ಎಂದು ನಮ್ಮ ರಾಯಚೂರಿನಲ್ಲಿ ಇಂದಿಗೂ ಅನೇಕರು ನನ್ನನ್ನು ಕೇಳುತ್ತಾರೆ. ಕೆಳಗಿನ ಕೋಣೆಯಲ್ಲಿ ತಂದೆಯವರ ಅಡತಿ ಅಂಗಡಿಯ ಲೆಕ್ಕ ನಡೆಯುತ್ತದೆ, ಮಾಳಿಗೆ ಮೇಲಿನ ಕೋಣೆಯಲ್ಲಿ ಮಗಳ ಓದು ನಡೆಯುತ್ತದೆ. ಎರಡಕ್ಕೂ ಒಂದೇ ಸಂಪರ್ಕ ಧಾರಾಳವಾಗಿ ಸಾಕು. ಸಾಲದು ಎನಿಸಿದಾಗ ಕೊರತೆ ಬಹುಮಟ್ಟಿಗೆ ಹಂಚಿಕೆಯಲ್ಲಿ ಇರುತ್ತದೆಯೇ ಹೊರತು ಸಂಪರ್ಕದಲ್ಲಿ ಅಲ್ಲ. ಆ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದವರು ಅದನ್ನು ತಾವೇ ಸರಿಪಡಿಸಿಕೊಳ್ಳಬಲ್ಲರು ಎಂಬ ನಂಬಿಕೆಯಿಂದ ಇಂದು ಮಾತನಾಡುತ್ತಿದ್ದೇನೆ.

ಅಂತರ್ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸ ಎಂಬ ಒಂದು ಗುರುತಿನ ಸಂಖ್ಯೆ ಬೇಕು. ನಾಲ್ಕನೆಯ ಆವೃತ್ತಿಯ ಈ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿಯೇ ಬರಿದಾಯಿತು. ಇಂತಹ ದಿನ ಬರುವುದನ್ನು ಮೊದಲೇ ಕಂಡಿದ್ದ ತಂತ್ರಜ್ಞರು 1996ರಲ್ಲಿ ಮೂರು ವಿಳಾಸ ಸಮೂಹಗಳನ್ನು ಮನೆ ಮತ್ತು ಕಚೇರಿಗಳ ಒಳಬಳಕೆಗೆಂದು ಮೀಸಲಿಟ್ಟರು. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ 192.168 ಎಂದು ಆರಂಭವಾಗುವ ಸಂಖ್ಯೆ ಕಾಣುತ್ತದೆಯಲ್ಲವೇ, ಅದು ಆ ಮೀಸಲಿಗೆ ಸೇರಿದ್ದು. ಅದೇ ಸಂಖ್ಯೆ ಪಕ್ಕದ ಮನೆಯಲ್ಲಿಯೂ ಇರಬಹುದು, ಮಾನ್ವಿಯಲ್ಲಿಯೂ ಇರಬಹುದು; ಅದು ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲವಾದ್ದರಿಂದ ಯಾರಿಗೂ ತೊಂದರೆಯಿಲ್ಲ.

ಹಾಗಾದರೆ ಹೊರಗೆ ಹೋಗುವುದು ಯಾವುದು? ನಮ್ಮ ಕಡೆಯ ಹಳೆಯ ವಾಡೆಗಳನ್ನು ನೆನೆಯಿರಿ. ಒಳಗೆ ಹತ್ತಾರು ಜನರಿದ್ದರೂ ಊರಿಗೆ ಕಾಣುವುದು ಒಂದೇ ಬಾಗಿಲು. ಒಳಗಿನವರು ಯಾರು ಏನನ್ನು ತರಹೇಳಿದ್ದಾರೆ ಎಂಬುದನ್ನು ಬಾಗಿಲ ಕಟ್ಟೆಯ ಮೇಲೆ ಕುಳಿತ ಹಿರಿಯರು ನೆನಪಿಟ್ಟುಕೊಂಡು, ಬಂದದ್ದನ್ನು ಕೇಳಿದವರಿಗೇ ಮುಟ್ಟಿಸುತ್ತಿದ್ದರು. ಹೊರಗಿನ ಸಂಪರ್ಕವನ್ನು ಮನೆಯ ಯಂತ್ರಗಳಿಗೆ ಹಂಚುವ ಪೆಟ್ಟಿಗೆಯಾದ ರೌಟರ್ ಮಾಡುವ ಕೆಲಸವೂ ಅದೇ. ತಂದೆಯ ಕಂಪ್ಯೂಟರ್ 192.168.1.5ರಿಂದ ಒಂದು ಕೋರಿಕೆ ಹೊರಟಿತು ಎಂದುಕೊಳ್ಳಿ. ರೌಟರ್ ಆ ವಿಳಾಸವನ್ನು ಅಳಿಸಿ ತನ್ನ ಹೊರವಿಳಾಸವನ್ನು ಬರೆಯುತ್ತದೆ, ಗುರುತಿಗಾಗಿ 40001 ಎಂಬಂತಹ ಒಂದು ಪೋರ್ಟ್ ಸಂಖ್ಯೆಯನ್ನು ಹಚ್ಚುತ್ತದೆ, ಮತ್ತು ಈ ಸಂಖ್ಯೆ ಯಾರ ಕೋರಿಕೆಗೆ ಸೇರಿದ್ದು ಎಂಬುದನ್ನು ತನ್ನ ಪಟ್ಟಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಉತ್ತರವು 40001ಕ್ಕೆ ಬಂದಾಗ ಪಟ್ಟಿಯನ್ನು ನೋಡಿ ತಂದೆಯ ಕಂಪ್ಯೂಟರಿಗೆ ಕಳುಹಿಸುತ್ತದೆ. 40002ಕ್ಕೆ ಬಂದದ್ದು ಮಗಳಿಗೆ ಹೋಗುತ್ತದೆ. ಯಾರೂ ಕೇಳದೆ ಹೊರಗಿನಿಂದ ಬಂದದ್ದಕ್ಕೆ ಪಟ್ಟಿಯಲ್ಲಿ ಹೆಸರಿಲ್ಲವಾದ್ದರಿಂದ ಅದು ಬಾಗಿಲಲ್ಲಿಯೇ ಉಳಿಯುತ್ತದೆ. ಈ ವಿಧಾನಕ್ಕೆ ನ್ಯಾಟ್ ಎನ್ನುತ್ತಾರೆ. ಹೊರಜಗತ್ತಿಗೆ ಇಡೀ ಮನೆ ಒಂದೇ ವಿಳಾಸವಾಗಿ ಕಾಣುವುದರಿಂದ, ವೈಫೈ ಗುಪ್ತಪದವನ್ನು ಓಣಿಯವರಿಗೆಲ್ಲ ಕೊಟ್ಟವರು ಅವರೆಲ್ಲರ ನಡೆಗೂ ತಮ್ಮ ಹೆಸರನ್ನು ಕೊಟ್ಟಂತಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಬಾಗಿಲಲ್ಲಿ ಯಾರನ್ನು ಕೂರಿಸಬೇಕು ಎಂಬುದು ಮುಂದಿನ ಪ್ರಶ್ನೆ. ಮನೆಯ ಒಂದು ಕಂಪ್ಯೂಟರೇ ಈ ಕೆಲಸ ಮಾಡಬಲ್ಲದು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಿಂದಲೂ ಆ ಸೌಲಭ್ಯವಿದೆ. ಸಂಪರ್ಕದ ಪ್ರಾಪರ್ಟೀಸ್ ತೆರೆದು ಶೇರಿಂಗ್ ಎಂಬಲ್ಲಿ ಗುರುತು ಹಾಕಿ, ಇನ್ನೊಂದು ಕಂಪ್ಯೂಟರಿಗೆ ಒಂದು ಕೇಬಲ್ ಎಳೆದರೆ ಕೆಲಸ ಮುಗಿಯಿತು. ಮೊಬೈಲ್ ಡಾಂಗಲ್ ಒಂದನ್ನೇ ನಂಬಿರುವ ಮನೆಯಲ್ಲಿ ಇದು ಒಳ್ಳೆಯ ಉಪಾಯ. ಆದರೆ ಆ ಕಂಪ್ಯೂಟರ್ ಮಲಗಿದರೆ ಎರಡನೆಯದಕ್ಕೂ ಅಂತರ್ಜಾಲ ಇಲ್ಲ. ತಂದೆ ರಾತ್ರಿ ಲೆಕ್ಕ ಮುಗಿಸಿ ಯಂತ್ರವನ್ನು ಆರಿಸಿದೊಡನೆ ಮಗಳ ಪಾಠವೂ ನಿಲ್ಲುತ್ತದೆ. ಆದ್ದರಿಂದ ಸದಾ ಎಚ್ಚರವಾಗಿರುವ, ಅತಿ ಕಡಿಮೆ ವಿದ್ಯುತ್ ಬಳಸುವ ರೌಟರೇ ಈ ಕೆಲಸಕ್ಕೆ ಯೋಗ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಕರೆಂಟ್ ಹೋದಾಗಲೂ ನಡೆಯಬೇಕಿದ್ದರೆ ರೌಟರ್ ಮತ್ತು ಫೈಬರ್ ಪೆಟ್ಟಿಗೆ ಎರಡನ್ನೂ ಇನ್ವರ್ಟರ್ ಲೈನಿಗೆ ಸೇರಿಸಬೇಕು. ಒಂದನ್ನೇ ಸೇರಿಸಿದರೆ ಪ್ರಯೋಜನವಿಲ್ಲ.

ಇನ್ನು ಕೇಬಲ್ ವಿಚಾರ. ನಮ್ಮ ಹಳೆಯ ಮನೆಗಳ ಎರಡು ಅಡಿ ದಪ್ಪದ ಕಲ್ಲುಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ಆದರೆ ವೈಫೈ ಅಲೆಗಳನ್ನು, ಅದರಲ್ಲೂ 5 ಗಿಗಾಹರ್ಟ್ಸ್ ಅಲೆಗಳನ್ನು, ನುಂಗಿಬಿಡುತ್ತದೆ. ಒಂದೇ ಕಡೆ ಇರುವ ಕಂಪ್ಯೂಟರಿಗೆ ಕೇಬಲ್‌ಗಿಂತ ಮೇಲು ಯಾವುದೂ ಇಲ್ಲ. 100 ಮೀಟರಿನವರೆಗೆ ಅದು ನಿಶ್ಚಿಂತೆಯಿಂದ ನಡೆಯುತ್ತದೆ. ನಮ್ಮ ಮನೆಯಲ್ಲಿ ನಾನೇ ಕೇಬಲ್ ಎಳೆದು ತುದಿಗೆ ಪ್ಲಗ್ ಒತ್ತಿದ್ದೆ. ಎಲ್ಲ ಸರಿಯಾಗಿದೆ ಎನಿಸಿತು, ಆದರೆ ವೇಗ 1000 ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್ ಬದಲು 100 ಎಂದೇ ತೋರಿಸುತ್ತಿತ್ತು. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮ ಸರಿಯಾಗಿಯೇ ಇತ್ತು. ಆದರೆ ನಾಲ್ಕನೆಯ ಸ್ಥಾನದ ನೀಲಿ ತಂತಿ ಕೊನೆಯವರೆಗೆ ಹೋಗದೆ ಕೂದಲೆಳೆಯಷ್ಟು ಹಿಂದೆಯೇ ನಿಂತಿತ್ತು. 100 ಮೆಗಾಬಿಟ್ ವೇಗಕ್ಕೆ 1, 2, 3 ಮತ್ತು 6ನೆಯ ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಪ್ಲಗ್ಗನ್ನು ಕತ್ತರಿಸಿ ಹೊಸದನ್ನು ಒತ್ತಿದ ಮೇಲೆ 1000 ಬಂದಿತು.

ಮಾಳಿಗೆ ಮೇಲೆ ವೈಫೈ ಬೇಕೆಂದು ಹಳೆಯ ರೌಟರನ್ನು ಸೇರಿಸುವವರು ಇನ್ನೊಂದು ತಪ್ಪು ಮಾಡುತ್ತಾರೆ. ಕೆಳಗಿನಿಂದ ಬಂದ ಕೇಬಲನ್ನು ಅದರ ವ್ಯಾನ್ ಕಿಂಡಿಗೆ, ಅಂದರೆ ಹೊರಸಂಪರ್ಕಕ್ಕೆಂದು ಇರುವ ಕಿಂಡಿಗೆ, ಹಾಕುತ್ತಾರೆ; ಆಗ ಮನೆಯೊಳಗೆ ಮತ್ತೊಂದು ಬಾಗಿಲು ಎದ್ದು, ಕೆಳಗಿನ ಕಂಪ್ಯೂಟರಿಗೆ ಮೇಲಿನದು ಕಾಣುವುದೇ ಇಲ್ಲ. ಕೇಬಲನ್ನು ಮನೆಯ ಕಂಪ್ಯೂಟರುಗಳಿಗೆಂದು ಇರುವ ಲ್ಯಾನ್ ಕಿಂಡಿಗೆ ಹಾಕಿ, ಹಳೆಯ ರೌಟರಿನ ವಿಳಾಸವನ್ನು 192.168.1.2 ಎಂಬಂತೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಅದರಲ್ಲಿ ನಿಲ್ಲಿಸಬೇಕು. ಒಂದು ಮನೆಯಲ್ಲಿ ವಿಳಾಸ ಹಂಚುವ ಅಧಿಕಾರ ಒಬ್ಬರಿಗೇ ಇರಬೇಕು.

ಇಷ್ಟಾದ ಮೇಲೂ ಮನೆಯಲ್ಲಿ ಜಗಳ ನಿಲ್ಲುವುದಿಲ್ಲ, ಏಕೆಂದರೆ ವಿಳಾಸವನ್ನು ಹಂಚಿದ್ದೇವೆ, ವೇಗವನ್ನು ಹಂಚಿಲ್ಲ. ಇದನ್ನು ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟರೂ, ಮೇಲ್ಭಾಗದಲ್ಲಿ ಭತ್ತಕ್ಕೆ ಹರಿದು ಉಳಿದದ್ದು ಮಾತ್ರ ಕೊನೆ ಭಾಗದ ಹೊಲಕ್ಕೆ ತಲುಪುವ ನೋವು ನಮಗೆ ಗೊತ್ತಿದೆ. ಸೆಕೆಂಡಿಗೆ 20 ಮೆಗಾಬಿಟ್ ಕಳುಹಿಸುವ ಸಂಪರ್ಕವೆಂದರೆ ಲೆಕ್ಕದಲ್ಲಿ 2.5 ಮೆಗಾಬೈಟ್; ತಂದೆಯ ಕಂಪ್ಯೂಟರ್ 5 ಗಿಗಾಬೈಟ್ ಲೆಕ್ಕದ ಕಡತವನ್ನು ಬ್ಯಾಕಪ್‌ಗೆ ಏರಿಸತೊಡಗಿದರೆ ಅರ್ಧ ಗಂಟೆಗೂ ಹೆಚ್ಚು ಕಾಲ ಆ ದಾರಿ ತುಂಬಿರುತ್ತದೆ. ಮಗಳ ಧ್ವನಿಯ ಸಣ್ಣ ಪೊಟ್ಟಣಗಳು ಆ ದೊಡ್ಡ ಸಾಲಿನ ಹಿಂದೆ ಕಾಯುತ್ತವೆ. ಪಾಠ ತುಂಡುತುಂಡಾಗಿ ಕೇಳುತ್ತದೆ. ಇಂತಹ ಸಾಲನ್ನು ಚಿಕ್ಕದಾಗಿಡುವ ಕೋಡೆಲ್ ಎಂಬ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ನಿಮ್ಮ ರೌಟರಿನಲ್ಲಿ ಇಂತಹ ವಿಧಾನವನ್ನು ಬಳಸುವ ಎಸ್‌ಕ್ಯೂಎಂ ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ, ನಿಜವಾದ ವೇಗಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಮಿತಿಯನ್ನು ಬರೆಯಿರಿ. ಇಲ್ಲದಿದ್ದರೆ ಬ್ಯಾಕಪ್ ತಂತ್ರಾಂಶದಲ್ಲಿಯೇ ಏರಿಕೆಯ ಮಿತಿಯನ್ನು 10 ಮೆಗಾಬಿಟ್‌ಗೆ ಇಳಿಸಿ, ಅಥವಾ ಅದನ್ನು ರಾತ್ರಿಗೆ ಇಡಿ. ಹೊಸ ಸಂಪರ್ಕಕ್ಕೆ ಹಣ ಕಟ್ಟುವ ಮೊದಲು ಇದನ್ನು ಮಾಡಿ ನೋಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ಕೊನೆಯದಾಗಿ, ಒಂದು ಕಂಪ್ಯೂಟರಿನಲ್ಲಿ ಅಂತರ್ಜಾಲ ಇದ್ದು ಇನ್ನೊಂದರಲ್ಲಿ ಇಲ್ಲದಾಗ ಗಾಬರಿಯಾಗದೆ, ಇಲ್ಲದ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ (ipconfig) ಎಂಬ ಆದೇಶವನ್ನು ಕೊಡಿ. ವಿಳಾಸವು 169.254 ಎಂದು ಆರಂಭವಾಗಿದ್ದರೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್ ಮತ್ತು ಪ್ಲಗ್ಗನ್ನು ನೋಡಿ. 192.168 ಎಂದು ಇದ್ದರೆ ರೌಟರಿಗೆ ಪಿಂಗ್ (ping) ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೇಳಿ ನೋಡಿ; ಆ ಬಳಿಕ ಹೊರಗಿನ ಅಂತರ್ಜಾಲದಲ್ಲಿರುವ ಗೂಗಲ್ ವಿಳಾಸವಾದ 8.8.8.8ಕ್ಕೆ ಮಾಡಿ. ಎರಡೂ ಉತ್ತರಿಸಿ ಜಾಲತಾಣದ ಹೆಸರು ಮಾತ್ರ ತೆರೆಯದಿದ್ದರೆ ದೋಷ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್‌ನಲ್ಲಿದೆ. ಮುಂದಿನ ಮೇಜಿನ ಮೇಲೆ ಎರಡು ಕಂಪ್ಯೂಟರ್, ಒಂದು ರೌಟರ್ ಮತ್ತು ಬೇಕೆಂದೇ ನೀಲಿ ತಂತಿ ಕೂರಿಸದೆ ಬಿಟ್ಟ ಒಂದು ಕೇಬಲ್ ಇಟ್ಟಿದ್ದೇನೆ. ಈಗ ಒಬ್ಬೊಬ್ಬರಾಗಿ ಬಂದು ಅದನ್ನು ಪರೀಕ್ಷಿಸಬಹುದು.